ಚೀಲಗಳ ಸಾಲನ್ನು ಎಬ್ಬಿಸಿದ ಟೋಕನ್ ಯಂತ್ರದವರಿಗೆ

ಬೇಕರಿಯ ಬಾಗಿಲ ಎಡಗಡೆ, ಎದೆಯೆತ್ತರದಲ್ಲಿ, ಹಸಿರು ದೀಪ ಬೆಳಗಿಸಿಕೊಂಡು ವಿರಾಜಮಾನರಾಗಿರುವ ಟೋಕನ್ ಯಂತ್ರದವರ ಸನ್ನಿಧಾನಕ್ಕೆ, ಎದುರು ಕಟ್ಟಡದ ಎರಡನೇ ಮಹಡಿಯ ನಿವಾಸಿಯೂ ಅಂಚೆ ಕಚೇರಿಯ ಮೂರನೇ ಕೌಂಟರಿನ ನಿವೃತ್ತ ಗುಮಾಸ್ತೆಯೂ ಆದ ನಾನು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ತಮ್ಮ ಕಾಗದದ ಸುರುಳಿ ಎಲ್ಲೂ ಸಿಕ್ಕಿಕೊಳ್ಳದೆ ಸರಾಗವಾಗಿ ಹೊರಬರುತ್ತಿದೆ, ವಿದ್ಯುತ್ತು ಹೊತ್ತುಹೊತ್ತಿಗೆ ಸಿಗುತ್ತಿದೆ, ತಮ್ಮನ್ನು ಒತ್ತುವವರ ಬೆರಳುಗಳಿಗೆ ಬೆಣ್ಣೆ ಮೆತ್ತಿರುವುದಿಲ್ಲ ಎಂದೂ ನಂಬಿದ್ದೇನೆ. ನಮ್ಮ ಕಡೆಯೂ ಎಲ್ಲರೂ ಕ್ಷೇಮ ಎಂದು ಬರೆಯುವುದು ಪತ್ರದ ಮರ್ಯಾದೆ. ಆದರೆ ಮೂವತ್ತೊಂದು ವರ್ಷ ಊರವರ ಕಾರ್ಡುಗಳಿಗೆ ಮೊಹರು ಒತ್ತುತ್ತಾ, ಒತ್ತುವ ನೆಪದಲ್ಲಿ ಅಷ್ಟನ್ನೂ ಓದಿದವಳು ನಾನಾದ್ದರಿಂದ, ಆ ಒಂದು ಸಾಲನ್ನು ಬರೆಯುವವರಲ್ಲಿ ಅರ್ಧಕ್ಕರ್ಧ ಜನ ಸುಳ್ಳು ಹೇಳುತ್ತಿರುತ್ತಾರೆಂದು ಬಲ್ಲೆ. ಹಾಗಾಗಿ ವಿಷಯಕ್ಕೇ ಬರುತ್ತೇನೆ. ಬರುವ ಶನಿವಾರ ನನ್ನ ಒಡಹುಟ್ಟಿದ ತಮ್ಮ ತನ್ನ ಚಹಾದಂಗಡಿಯ ಬಾಗಿಲು ಎಳೆದು, ಕೀಲಿಕೈ ಕಟ್ಟಡದ ಮಾಲೀಕರ ಕೈಗಿಟ್ಟು, ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಸೇರಲಿದ್ದಾನೆ. ಇದಕ್ಕೆ ತಾವೇ ಕಾರಣರು. ಅದನ್ನು ತಮಗೆ ವಿನಯಪೂರ್ವಕವಾಗಿ ತಿಳಿಸಿ, ಸಾಧ್ಯವಾದರೆ ತಪ್ಪಿಸುವುದು ಈ ಪತ್ರದ ಉದ್ದೇಶ.

ಮೊದಲಿಗೆ ಅಭಿನಂದನೆ. ತಾವು ಬೇಕರಿಗೆ ದಯಮಾಡಿಸಿ ಇಂದಿಗೆ ಏಳು ವಾರ. ಈ ಏಳು ವಾರಗಳಲ್ಲಿ ನಮ್ಮ ಬಡಾವಣೆ ಕಂಡ ಪ್ರಗತಿಯನ್ನು ಬಣ್ಣಿಸಲು ನನ್ನ ಬಳಿ ಪದಗಳಿಲ್ಲ, ಇದ್ದರೂ ತಮಗೆ ಅಂಕಿಗಳಷ್ಟೇ ಅರ್ಥವಾಗುತ್ತವೆಂದು ಕೇಳಿದ್ದೇನೆ. ತಮ್ಮನ್ನು ಒತ್ತಿದರೆ ಚೀಟಿ ಬರುತ್ತದೆ, ಚೀಟಿಯಲ್ಲಿ ಒಂದು ಸಂಖ್ಯೆ, ಸಂಖ್ಯೆಯ ಕೆಳಗೆ ನಮ್ಮ ಬ್ರೆಡ್ಡು ಕೈಗೆ ಸಿಗುವ ಗಂಟೆ ಮತ್ತು ನಿಮಿಷ. ಮನೆಯಲ್ಲೇ ಕಾಲು ಚಾಚಿ ಕುಳಿತವರಿಗೆ ಫೋನಿನಲ್ಲೇ ಎಲ್ಲವೂ. ನಾಲ್ಕು ಗಂಟೆ ಏಳು ನಿಮಿಷಕ್ಕೆ ಬನ್ನಿ ಎಂದು ತಾವು ಅಪ್ಪಣೆ ಕೊಡಿಸಿದರೆ ಏಳಕ್ಕೆ ಹೋಗುತ್ತೇವೆ, ಎಂಟಕ್ಕೆ ಹಿಂದಿರುಗುತ್ತೇವೆ, ನಡುವೆ ಒಬ್ಬರ ಮುಖ ಒಬ್ಬರು ನೋಡುವ ಪ್ರಮೇಯವೇ ಇಲ್ಲ. ಮೊನ್ನೆ ಒಬ್ಬ ಮಹನೀಯರು ನನ್ನ ಕಾಲನ್ನು ತುಳಿದರು. ಕ್ಷಮಿಸಿ ಎನ್ನಲು ತಮ್ಮ ವೇಳಾಪಟ್ಟಿಯಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಹಾಗೇ ಹೊರಟುಹೋದರು. ನಾನು ತಪ್ಪು ತಿಳಿಯಲಿಲ್ಲ, ಕಾಲು ಮಾತ್ರ ಇನ್ನೂ ಊದಿಕೊಂಡಿದೆ.

ತಾವು ಬಡಾವಣೆಗೆ ಹೊಸಬರು. ನಮ್ಮನ್ನು ಎಂಥ ಅನಾಗರಿಕ ಸ್ಥಿತಿಯಿಂದ ಮೇಲೆತ್ತಿದಿರೆಂಬುದು ತಮಗೆ ತಿಳಿದಿರಲಾರದು. ತಾವು ಬರುವ ಮುನ್ನ ಬೇಕರಿಯ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಿದ್ದದ್ದು ನಾವಲ್ಲ, ನಮ್ಮ ಕೈಚೀಲಗಳು. ಬ್ರೆಡ್ಡು ಒಲೆಯಿಂದ ಹೊರಬರುವುದು ನಾಲ್ಕಕ್ಕೆ ಎಂದು ಗೋಡೆಯ ಮೇಲೆ ಬರೆದಿತ್ತು. ಬರುತ್ತಿದ್ದದ್ದು ನಾಲ್ಕೂ ಹತ್ತಕ್ಕೋ, ನಾಲ್ಕೂ ಇಪ್ಪತ್ತೈದಕ್ಕೋ, ಬೇಕರಿಯವರು ಹೆಂಡತಿಯ ಜೊತೆ ಮಾತು ಬಿಟ್ಟ ದಿನ ಐದಕ್ಕೋ. ಅಲ್ಲಿಯವರೆಗೆ ಮಂಡಿ ನೋಯಿಸಿಕೊಂಡು ನಿಲ್ಲುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇರಲಿಲ್ಲ. ಮೂರೂವರೆಗೆ ಬಂದು, ಚೀಲವನ್ನು ಮೆಟ್ಟಿಲ ಮೇಲೆ ನಮ್ಮ ನಮ್ಮ ಸರದಿಯಲ್ಲಿ ಕೂರಿಸಿ, ನಾವು ಬೀದಿ ಸುತ್ತಲು ಹೊರಡುತ್ತಿದ್ದೆವು. ಬ್ರೆಡ್ಡು ಬಂದಾಗ ಬೇಕರಿಯವರು ಹೊರಗೆ ಬಂದು ತಗಡಿನ ತಟ್ಟೆಯನ್ನು ಎರಡು ಸಲ ಬಡಿಯುತ್ತಿದ್ದರು, ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು.

ಇದು ಅರಾಜಕತೆ ಎಂದು ತಾವು ಭಾವಿಸಬಾರದು, ಇದಕ್ಕೂ ಕಾನೂನುಗಳಿದ್ದವು. ಖಾಲಿ ಚೀಲಕ್ಕೆ ಸರದಿಯಿಲ್ಲ. ಒಳಗೆ ಏನಾದರೊಂದು ಇರಲೇಬೇಕು, ಕೊಡೆಯೋ, ಮೂಲಂಗಿಯೋ, ರಿಪೇರಿಗೆ ಹೊರಟ ಚಪ್ಪಲಿಯೋ. ಚೀಲದ ಬಾಯಿ ಮಡಚಿಟ್ಟಿದ್ದರೆ ಅದರವರು ತಡವಾಗಿ ಬರುತ್ತಾರೆಂದು ಅರ್ಥ, ಅಂಥವರ ಪಾಲಿನ ಬ್ರೆಡ್ಡನ್ನು ಹಿಂದಿನ ಚೀಲದವರು ತೆಗೆದಿರಿಸಬೇಕು. ಇನ್ನೊಬ್ಬರ ಚೀಲವನ್ನು, ಆಕಾಶವೇ ಕಳಚಿ ಬಿದ್ದರೂ, ಮುಟ್ಟುವಂತಿಲ್ಲ. ಈ ಕೊನೆಯ ಕಾನೂನನ್ನು ಜಾರಿಗೆ ತಂದವಳು ನಾನೇ ಎಂದು ಸ್ವಲ್ಪ ಹೆಮ್ಮೆಯಿಂದಲೂ, ಮುಂದೆ ತಿಳಿಯುವ ಕಾರಣಕ್ಕಾಗಿ ಬಹಳ ನಾಚಿಕೆಯಿಂದಲೂ ಇಲ್ಲಿ ನಮೂದಿಸುತ್ತೇನೆ.

ಬಡಾವಣೆಗೆ ಹೊಸದಾಗಿ ಬಂದವರು ಇಲ್ಲಿ ತಿನ್ನಲು, ಕುಡಿಯಲು, ಕೊಳ್ಳಲು ಒಳ್ಳೆಯ ಜಾಗ ಯಾವುದೆಂದು ನನ್ನನ್ನು ಕೇಳುವುದುಂಟು. ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೇಕರಿಯಿಂದ ಮೂರು ಬಾಗಿಲು ಆಚೆ ಅಕ್ಕತಂಗಿಯರಿಬ್ಬರ ಗುಂಡಿ-ದಾರದ ಅಂಗಡಿಯಿದೆ. ಗುಂಡಿ ಕೊಳ್ಳಬೇಕೆಂದೇ ಮನೆಯಿಂದ ಹೊರಟ ಮನುಷ್ಯಪ್ರಾಣಿಯನ್ನು ನಾನಿನ್ನೂ ಕಂಡಿಲ್ಲ. ಅಂಗಿಯ ಗುಂಡಿ ಕಿತ್ತುಹೋಗಿರುವುದು ನೆನಪಾಗುವುದು ಬೇರೇನೂ ಕೆಲಸವಿಲ್ಲದೆ ನಿಂತಾಗ ಮಾತ್ರ. ಅಲ್ಲಿ ಅಕ್ಕನಾದವಳು ಬಣ್ಣ, ಗಾತ್ರ, ತೂತು ಎಲ್ಲವೂ ತಾಳೆಯಾಗದೆ ಗುಂಡಿಯನ್ನು ಕೈಬಿಡುವವಳಲ್ಲ. ತಂಗಿ, "ಅಷ್ಟು ಹತ್ತಿರ ಬಂದು ಯಾರು ನೋಡ್ತಾರೆ, ಕೊಟ್ಟು ಕಳಿಸೇ" ಎನ್ನುವವಳು. ಈ ವಾಗ್ವಾದ ಒಂದು ಹಂತಕ್ಕೆ ಬರುವ ಹೊತ್ತಿಗೆ ತಟ್ಟೆ ಬಡಿಯುತ್ತಿತ್ತು, ಮಿಕ್ಕ ವಿಚಾರಣೆ ಮರುದಿನಕ್ಕೆ. ನನ್ನ ಕಂದು ಸ್ವೆಟರಿನ ಮೂರನೇ ಗುಂಡಿ ಹೀಗೆ ನಾಲ್ಕು ತಿಂಗಳು ಚರ್ಚೆಯಲ್ಲಿತ್ತು.

ಅದರ ಪಕ್ಕದ ಸಂದಿಯಲ್ಲಿ ಹಳೆಯ ಪುಸ್ತಕದವರು. ಇವರು ತಾವು ಓದಿ ಮುಗಿಸದ ಪುಸ್ತಕವನ್ನು ಯಾರಿಗೂ ಮಾರುವುದಿಲ್ಲ. "ಇದಿನ್ನೂ ಅರ್ಧದಲ್ಲಿದ್ದೀನಿ, ಗುರುವಾರ ಬನ್ನಿ" ಎನ್ನುತ್ತಾರೆ, ಗುರುವಾರ ಹೋದರೆ ಕೊಲೆ ಮಾಡಿದ್ದು ಯಾರೆಂದು ಹೇಳಿಬಿಟ್ಟೇ ಪುಸ್ತಕ ಕೊಡುತ್ತಾರೆ. ಮೂಲೆಯ ಕಿಟಕಿಯಲ್ಲಿ ಸೂಪಮ್ಮ ಎಂದೇ ಹೆಸರಾದ ಹೆಂಗಸು. ಅವಳು ಕೊಡುವುದು ನಾವು ಕೇಳಿದ ಸೂಪನ್ನಲ್ಲ, ನಮ್ಮ ಮುಖಕ್ಕೆ ತಕ್ಕ ಸೂಪನ್ನು. "ಇವತ್ತು ನಿಮಗೆ ಮೆಣಸು ಬೇಡ, ಮೊದಲೇ ಉರಿದುಕೊಂಡಿದ್ದೀರಿ" ಎಂದು ನನಗೆ ಎಷ್ಟೋ ಸಲ ಸಪ್ಪೆ ಸೂಪು ಕುಡಿಸಿದ್ದಾಳೆ, ಕುಡಿದ ಮೇಲೆ ಸಿಟ್ಟು ಇಳಿದದ್ದೂ ನಿಜ. ಇಷ್ಟೂ ಕಡೆ ಸುತ್ತಿ ಕೊನೆಗೆ ಕೂರುವುದು ನನ್ನ ತಮ್ಮನ ಅಂಗಡಿಯಲ್ಲಿ. ಅಲ್ಲಿರುವುದು ಎರಡು ಬೆಂಚು, ಒಂದು ಒಲೆ, ಚಹಾ ಮತ್ತು ಹುರಿದ ಕಡಲೆಕಾಯಿ. ಲೋಟವನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಆಮೇಲೆ ಚಹಾ ಸುರಿದು, ಮೇಲೆ ಒಂದು ಬಸಿ ಮುಚ್ಚಿ ಕೊಡುತ್ತಾನೆ. ಒಂದು ನಿಮಿಷ ತಡೆದು ಬಸಿ ತೆಗೆಯಬೇಕು. ಮೊದಲೇ ತೆಗೆದವರಿಗೆ ಬೈಗುಳ ಉಚಿತ.

ಈ ಎಲ್ಲ ವ್ಯಾಪಾರವೂ ನಡೆಯುತ್ತಿದ್ದದ್ದು ಬ್ರೆಡ್ಡು ತಡವಾಗುತ್ತಿದ್ದುದರಿಂದ ಎಂಬುದು ತಾವು ಬರುವವರೆಗೆ ಯಾರಿಗೂ ಹೊಳೆದಿರಲಿಲ್ಲ. ಅಂಗಡಿಯವರಂತೂ ತಮ್ಮ ಸರಕಿನ ಗುಣದಿಂದಲೇ ಜನ ಬರುತ್ತಾರೆಂದು ನಂಬಿ ಹಾಯಾಗಿದ್ದರು. ತಾವು ಕಾಯುವಿಕೆಯನ್ನು ಬೇರುಸಹಿತ ಕಿತ್ತ ಮೇಲೆ ಈಗ ಬೀದಿ ಎಷ್ಟು ಶಾಂತವಾಗಿದೆಯೆಂದರೆ, ಗುಂಡಿಯ ಅಕ್ಕತಂಗಿಯರು ಎದುರಿಗೆ ಗಿರಾಕಿಯಿಲ್ಲದೆ ಜಗಳವಾಡಲು ಬೇಸರವಾಗಿ ಪರಸ್ಪರ ಒಪ್ಪತೊಡಗಿದ್ದಾರೆ. ಪುಸ್ತಕದವರು ಅಂಗಡಿಯಲ್ಲಿದ್ದುದನ್ನೆಲ್ಲ ಓದಿ ಮುಗಿಸಿ, ಯಾವುದನ್ನು ಬೇಕಾದರೂ ಮಾರಲು ಸಿದ್ಧರಾಗಿ, ಕೊಲೆಗಾರರ ಹೆಸರುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಾರೆ. ಸೂಪಮ್ಮ ವಾರದಲ್ಲಿ ಎರಡು ದಿನವಷ್ಟೇ ಕಿಟಕಿ ತೆರೆಯುತ್ತಾಳೆ. ನನ್ನ ತಮ್ಮ ಮೂರು ವಾರದ ಹಿಂದೆ ಬೆಂಚು ಒರೆಸುತ್ತಾ, "ಅಕ್ಕಾ, ನಾನು ಮಾಡೋ ಚಹಾನ ನಾನೇ ಕುಡಿದು ಮುಗಿಸೋ ಹಾಗಾಗಿದೆ, ಹೀಗೇ ಆದ್ರೆ ನಿದ್ದೆ ಎಲ್ಲಿಂದ ಬರುತ್ತೆ" ಎಂದ. ನಗುತ್ತಲೇ ಹೇಳಿದ. ಅದರ ಮರುವಾರ ಗೋದಾಮಿನ ಕೆಲಸದ ಸುದ್ದಿ ಬಂತು.

ಇನ್ನು ತಮ್ಮ ಆಗಮನದ ಗುಟ್ಟು. ಬಡಾವಣೆಯವರೆಲ್ಲ ತಮ್ಮನ್ನು ಕರೆತಂದದ್ದು ಬೇಕರಿಯವರ ದುರಾಸೆ ಎಂದುಕೊಂಡಿದ್ದಾರೆ, ಪಾಪ ಅವರು ಮಾತ್ರ ಸುಮ್ಮನೆ ಬೈಸಿಕೊಳ್ಳುತ್ತಿದ್ದಾರೆ. ನಡೆದದ್ದು ಇಷ್ಟು. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ತಟ್ಟೆಯ ಸದ್ದು ಕೇಳಿ ನಾನು ಬರುವಷ್ಟರಲ್ಲಿ, ನಾಲ್ಕನೆಯದಾಗಿ ಕೂತಿದ್ದ ನನ್ನ ಚೀಲ ಐದನೆಯ ಜಾಗದಲ್ಲಿತ್ತು. ನಾಲ್ಕನೆಯ ಜಾಗದಲ್ಲಿ ದರ್ಜಿಯವರ ಚೀಲ, ಕೋಟಿನ ಅಸ್ತರಿನ ತುಂಡುಗಳಿಂದ ಹೊಲಿದದ್ದು, ಏನೂ ಅರಿಯದ ಹಾಗೆ ಕೂತಿತ್ತು. ನಾನು ಅವರನ್ನು ಏನೂ ಕೇಳಲಿಲ್ಲ. ಕೇಳುವುದು ನನ್ನ ಜಾಯಮಾನದಲ್ಲಿಲ್ಲ, ಬರೆಯುವುದು ನನ್ನ ಜಾಯಮಾನ. ಬೇಕರಿಯ ಕಂಬಕ್ಕೆ ದಾರದಲ್ಲಿ ಕಟ್ಟಿದ್ದ ಸಲಹೆ-ದೂರಿನ ಪುಸ್ತಕದಲ್ಲಿ, ಅಂದಿನವರೆಗೆ 'ಬನ್ನು ಚೆನ್ನಾಗಿದೆ' ಎಂಬ ಎರಡೇ ಎರಡು ಅಭಿಪ್ರಾಯಗಳಿದ್ದ ಆ ಪುಸ್ತಕದಲ್ಲಿ, ಒಂದೂವರೆ ಪುಟ ದೂರು ಬರೆದೆ. ಸರದಿಯ ಪಾವಿತ್ರ್ಯ, ಹಿರಿಯರ ಲಜ್ಜೆಗೇಡಿತನ, ನಾಗರಿಕ ಸಮಾಜದ ಕುಸಿತ ಎಲ್ಲವನ್ನೂ ವಿವರಿಸಿ, ಕೊನೆಗೆ 'ಯಾರ ಕೈಗೂ ಎಟುಕದ, ಯಾರ ಮುಲಾಜಿಗೂ ಬಗ್ಗದ ವ್ಯವಸ್ಥೆಯೊಂದನ್ನು ಕೂಡಲೇ ಜಾರಿಗೊಳಿಸದಿದ್ದಲ್ಲಿ ಮೇಲಿನವರಿಗೆ ಬರೆಯಬೇಕಾದೀತು' ಎಂದು ಎಚ್ಚರಿಕೆ ಕೊಟ್ಟೆ. ಬೇಕರಿಗೆ ಮೇಲಿನವರು ಯಾರೆಂದು ನನಗೂ ಗೊತ್ತಿರಲಿಲ್ಲ, ಬೇಕರಿಯವರಿಗೂ ಗೊತ್ತಿರಲಿಲ್ಲ. ಅವರು ಹೆದರಿದ್ದು ಅದಕ್ಕೇ ಇರಬೇಕು.

ಒಂದೂವರೆ ತಿಂಗಳ ನಂತರ, "ಮೇಡಂ, ನೀವು ಕೇಳಿದ್ದನ್ನೇ ತರಿಸಿದ್ದೀನಿ, ಮೊದಲನೇ ಟೋಕನ್ನು ನೀವೇ ತಗೋಬೇಕು" ಎಂದು ಅವರು ಮನೆಗೇ ಬಂದು ಕರೆದರು. ಹತ್ತಾರು ಜನ ಚಪ್ಪಾಳೆ ತಟ್ಟಿದರು. ತಮ್ಮನ್ನು ಮೊಟ್ಟಮೊದಲು ಒತ್ತಿದ ಬೆರಳು ಇದೇ, ಮಾನ್ಯರೇ, ಈಗ ಈ ಪತ್ರವನ್ನು ಬರೆಯುತ್ತಿರುವ ಕೈಯದು. ಮನೆಗೆ ಹೊರಟಾಗ ದರ್ಜಿಯವರು ದಾರಿಯಲ್ಲಿ ಸಿಕ್ಕರು. "ಅವತ್ತು ನಿಮ್ಮ ಚೀಲದ ಮೇಲೆ ಮೇಲಿನ ಪೈಪಿಂದ ನೀರು ತೊಟ್ಟಿಕ್ತಾ ಇತ್ತಮ್ಮ. ಕಾನೂನು ಗೊತ್ತಿತ್ತು, ಆದ್ರೆ ಒದ್ದೆಯಾಗ್ತಿದೆಯಲ್ಲ ಅಂತ ನನ್ನ ಚೀಲದ ಆ ಕಡೆ ಇಟ್ಟೆ. ಹೇಳೋಣ ಅಂದ್ರೆ ನೀವು ಬರೀತಾ ಇದ್ರಿ" ಎಂದು, ತಾವೇ ತಪ್ಪು ಮಾಡಿದವರ ಹಾಗೆ ಕೈಮುಗಿದರು. ನಾನು ಮನೆಗೆ ಬಂದು, ಆ ದಿನದ ಬ್ರೆಡ್ಡನ್ನು ಕತ್ತರಿಸದೆ ಚೀಲದಲ್ಲೇ ಬಿಟ್ಟೆ.

ಹೀಗೆ ವಿಚಾರಿಸದೆ ತೀರ್ಪು ಕೊಟ್ಟದ್ದು ಇದೇ ಮೊದಲಲ್ಲ. ತಾವು ಯಾರ ಗುಟ್ಟನ್ನೂ ಬಿಟ್ಟುಕೊಡುವವರಲ್ಲವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ನಮ್ಮಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ ಮಧ್ಯಾಹ್ನ, ನನ್ನ ತಮ್ಮ ಬರುವುದು ಅರ್ಧ ಗಂಟೆ ತಡವಾಯಿತು. ವಾರ್ಡಿನ ಬಾಗಿಲಲ್ಲಿ, ನೆಂಟರಿಷ್ಟರೆಲ್ಲರ ಎದುರು, "ಗಿರಾಕಿಗಳು ಬಿಡಲಿಲ್ವೇನೋ?" ಎಂದು ಕೇಳಿದೆ. ಅವನು ನನ್ನನ್ನು ದಾಟಿ ಅಮ್ಮನ ಹಾಸಿಗೆಯ ಹತ್ತಿರ ಹೋದ. ಬಸ್ಸು ಕೆಟ್ಟು ನಿಂತು, ಅರ್ಧ ದಾರಿ ಓಡಿಕೊಂಡೇ ಬಂದಿದ್ದನೆಂದು ಅವನ ಹೆಂಡತಿ ನನಗೆ ಹೇಳಿದ್ದು ಹದಿನೈದು ದಿನ ಕಳೆದ ಮೇಲೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಅರ್ಜಿಯ ನಮೂನೆ ನನ್ನ ಕೌಂಟರಿನಲ್ಲಿ ಎಂದೂ ಇರಲಿಲ್ಲ. ಎರಡು ವರ್ಷ ನಾವಿಬ್ಬರೂ ಒಂದೇ ಬೀದಿಯ ಎರಡು ಬದಿಯಲ್ಲಿ ನಡೆದೆವು.

ಆಮೇಲೊಂದು ಮಧ್ಯಾಹ್ನ, ಚೀಲ ಮೆಟ್ಟಿಲ ಮೇಲಿದ್ದಾಗ ಜೋರು ಮಳೆ ಬಂತು. ಓಡಿ ನುಗ್ಗಿದ್ದು ಅವನ ಅಂಗಡಿಗೆ. ಸುಮ್ಮನೆ ನಿಲ್ಲಲಾಗದೆ "ಬ್ರೆಡ್ಡು ಇನ್ನೂ ಬಂದಿಲ್ಲ" ಎಂದೆ. "ಬರುತ್ತೆ, ಕೂತ್ಕೋ" ಎಂದು ಲೋಟಕ್ಕೆ ಬಸಿ ಮುಚ್ಚಿ ಮುಂದಿಟ್ಟ. ಅಂದಿನಿಂದ ಒಂಬತ್ತು ವರ್ಷ, ದಿನಕ್ಕೆ ಕಾಲು ಗಂಟೆ, ನಾನು ಅವನ ಬೆಂಚಿನ ಮೇಲೆ ಕೂತಿದ್ದೇನೆ, ಆ ಮಾತನ್ನು ಒಮ್ಮೆಯೂ ಎತ್ತದೆ. ನಾನು ಬಂದದ್ದು ಅವನಿಗಾಗಿ ಅಲ್ಲ, ಬ್ರೆಡ್ಡಿಗಾಗಿ ಎಂಬ ನೆಪ ನಮ್ಮಿಬ್ಬರ ಮರ್ಯಾದೆಯನ್ನೂ ಕಾಪಾಡುತ್ತಿತ್ತು. ತಾವು ಕಿತ್ತುಕೊಂಡದ್ದು ಆ ನೆಪವನ್ನು. ತಾವು ಬಂದ ಮೇಲೆ ಈ ಏಳು ವಾರದಲ್ಲಿ ನಾನು ಅವನ ಅಂಗಡಿಗೆ ಹೋದದ್ದು ನಾಲ್ಕೇ ಸಲ. ನಾಲ್ಕು ಸಲವೂ ಚಿಲ್ಲರೆ ಕೇಳುವವಳ ಹಾಗೆ ಬಾಗಿಲಲ್ಲಿ ನಿಂತು, ಬೇರೆ ಕೆಲಸವಿದೆ ಎಂದು ಸುಳ್ಳು ಹೇಳಿ ಬಂದಿದ್ದೇನೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ಸಣ್ಣಪುಟ್ಟ ಬಿನ್ನಹಗಳು. ತಾವು ದಿನಕ್ಕೊಮ್ಮೆ ಇಪ್ಪತ್ತು ನಿಮಿಷದ ಸುಳ್ಳು ಹೇಳಬೇಕು. ನಾಲ್ಕೂ ಏಳು ಎಂದು ಚೀಟಿಯಲ್ಲಿ ಬರೆದು, ಜನ ಬಂದ ಮೇಲೆ, ಇನ್ನೂ ಆಗಿಲ್ಲ, ಹೀಗೇ ಒಂದು ಸುತ್ತು ಹೋಗಿಬನ್ನಿ ಎನ್ನಬೇಕು. ವಾರಕ್ಕೊಮ್ಮೆ ಹೆಂಡತಿಯ ಜೊತೆ ಮಾತು ಬಿಡಬೇಕು. ತಾವು ಅವಿವಾಹಿತರಾಗಿದ್ದರೆ ನಮ್ಮ ಬ್ಯಾಂಕಿನ ಬಾಗಿಲಲ್ಲಿರುವ ನೋಟಿನ ಯಂತ್ರದವರು ಒಳ್ಳೆಯ ಮನೆತನದವರು, ಬೇಕಾದರೆ ಮಾತಾಡಿಸುತ್ತೇನೆ. ದರ್ಜಿಯವರ ಮಂಡಿ ಹೇಗಿದೆ, ಸೂಪಮ್ಮನ ಮಗಳು ಪಾಸಾದಳೇ ಎಂದು ವಿಚಾರಿಸಿ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಬೇಕು. ಯಾರದಾದರೂ ಚೀಲದ ಮೇಲೆ ನೀರು ತೊಟ್ಟಿಕ್ಕುತ್ತಿದ್ದರೆ, ಕಾನೂನನ್ನು ಮುರಿದು, ಒಂದು ಗೇಣು ಪಕ್ಕಕ್ಕೆ ಸರಿಸಬೇಕು. ಈ ಕೊನೆಯದೊಂದನ್ನು ಮಾಡಿ ತೋರಿಸಿದ ದಿನ ನಾನು ತಮ್ಮ ಮೇಲಿನ ಸಮಸ್ತ ದೂರುಗಳನ್ನೂ ಬೇಷರತ್ತಾಗಿ ಹಿಂದಕ್ಕೆ ಪಡೆಯುತ್ತೇನೆ.

ಇಷ್ಟು ಬರೆದು, ತಮ್ಮ ಉತ್ತರಕ್ಕೆ ಕಾಯುತ್ತಾ ಕೂರಬಹುದಿತ್ತು. ಆದರೆ ಶನಿವಾರ ಹತ್ತಿರ ಬರುತ್ತಿದೆ, ತಾವು ಪತ್ರಗಳಿಗೆ ಉತ್ತರಿಸುವವರಂತೆಯೂ ಕಾಣುವುದಿಲ್ಲ. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ, ಬ್ರೆಡ್ಡಿಗೆ ಸಂಬಂಧವೇ ಇಲ್ಲದ ಹೊತ್ತಿನಲ್ಲಿ, ಬರಿಗೈಯಲ್ಲಿ ಮೆಟ್ಟಿಲಿಳಿದು ನನ್ನ ತಮ್ಮನ ಅಂಗಡಿಗೆ ಹೋದೆ. ಮೂವತ್ತೊಂದು ವರ್ಷ ಕೌಂಟರಿನ ಒಳಗೆ ಕೂತವಳಿಗೆ ಹೊರಗೆ ನಿಂತು ಕೇಳುವುದು ಎಷ್ಟು ಕಷ್ಟವೆಂದು ನಿನ್ನೆ ಗೊತ್ತಾಯಿತು. ಅವನು ಲೋಟಗಳನ್ನು ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. "ಏನಕ್ಕಾ, ಬೇಕರಿ ಇನ್ನೂ ಒಲೆ ಹಚ್ಚಿರಲ್ವಲ್ಲ?" ಎಂದ. "ಬ್ರೆಡ್ಡಿಗೆ ಬಂದಿಲ್ಲ ಕಣೋ, ನಿನ್ನ ಹತ್ರಾನೇ ಬಂದೆ" ಎಂದೆ. ಅಷ್ಟು ಹೇಳಿದ ಮೇಲೆ ಮಿಕ್ಕದ್ದು ತಾನಾಗಿ ಬಂತು. ಆಸ್ಪತ್ರೆಯ ಬಾಗಿಲಲ್ಲಿ ಹಾಗೆ ಅಂದದ್ದು ತಪ್ಪು, ನೀನು ಓಡಿಕೊಂಡು ಬಂದದ್ದು ನನಗೆ ಆಮೇಲೆ ತಿಳಿಯಿತು, ತಿಳಿದ ಮೇಲೂ ಬಾಯಿ ಬಿಡದೆ ಇದ್ದದ್ದು ಇನ್ನೂ ದೊಡ್ಡ ತಪ್ಪು ಎಂದೆ.

ಅವನು ಸುತ್ತಿಟ್ಟಿದ್ದ ಲೋಟವೊಂದನ್ನು ಬಿಚ್ಚಿದ. ತೊಳೆದ, ಬಿಸಿನೀರಿನಲ್ಲಿ ಅದ್ದಿದ, ಒರೆಸಿದ. ನನಗೆ ಬೆನ್ನು ಹಾಕಿಕೊಂಡೇ, "ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ ಅಕ್ಕಾ? ಕ್ಯೂ ಅಷ್ಟು ಉದ್ದ ಇತ್ತಾ?" ಎಂದ. ನಾನು ಮೊದಲು ನಕ್ಕೆ, ಆಮೇಲೆ ಅತ್ತೆ. ಅವನೂ ಅತ್ತನೆಂದು ಕಾಣುತ್ತದೆ, ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು.

ಅಂಗಡಿ ಶನಿವಾರ ಮುಚ್ಚುವುದು ಮುಚ್ಚುತ್ತದೆ. ಒಬ್ಬ ಅಕ್ಕ ಒಂದು ಬೆಳಿಗ್ಗೆ ಬಂದು ಅತ್ತ ಮಾತ್ರಕ್ಕೆ ಚಹಾದಂಗಡಿ ಉಳಿಯುವುದಿಲ್ಲ, ಅದಕ್ಕೆ ದಿನಕ್ಕೆ ನಲವತ್ತು ಜನ ಸುಮ್ಮನೆ ಬರಬೇಕು. ಅದಕ್ಕೆ ತಾವೂ ಕಾರಣ, ನಾನೂ ಕಾರಣ, ಇದನ್ನು ಬೇಕರಿಯ ಪುಸ್ತಕದಲ್ಲಿ ನನ್ನ ಹಳೆಯ ದೂರಿನ ಕೆಳಗೆ ಬರೆದು ಸಹಿ ಮಾಡಿದ್ದೇನೆ, ದರ್ಜಿಯವರ ಕ್ಷಮೆಯನ್ನೂ ಅಲ್ಲೇ ಕೇಳಿದ್ದೇನೆ. ನನ್ನ ಮಟ್ಟಿಗೆ ತೊಂದರೆಯಿಲ್ಲ, ಭಾನುವಾರದಿಂದ ನನ್ನ ತಮ್ಮನ ಮನೆಯ ಬಾಗಿಲನ್ನೇ ತಟ್ಟಬಲ್ಲೆ. ಆದರೆ ಈ ಬೀದಿಯಲ್ಲಿ ನನ್ನಂಥವರು ಇನ್ನೆಷ್ಟು ಜನರಿದ್ದಾರೋ, ಕಾರಣವಿಲ್ಲದೆ ಯಾರ ಮನೆಗೂ ಹೋಗಲು ಕಾಲು ಬಾರದವರು, ಒಂದು ಬ್ರೆಡ್ಡು ತಡವಾದರೆ ಮಾತ್ರ ಮನುಷ್ಯರ ಎದುರು ಕೂರಬಲ್ಲವರು. ಅವರಿಗೆಲ್ಲ ಧೈರ್ಯ ಬರುವವರೆಗೆ, ದಯಮಾಡಿ, ದಿನಕ್ಕೆ ಅರ್ಧ ಗಂಟೆ ಕೆಟ್ಟು ನಿಲ್ಲಿ.

ತಾವು ವಿಶ್ವಾಸವೆಂದರೇನೆಂದು ಕಲಿಯುವ ದಿನದವರೆಗೂ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ನಿವೃತ್ತ ಅಂಚೆ ಗುಮಾಸ್ತೆ

ವಿ.ಸೂ.: ಈ ಪತ್ರವನ್ನು ತಮಗೆ ತಲುಪಿಸಲು ಇಂದು ಬಂದಾಗ, ಅದನ್ನು ತೂರಿಸಲು ತಮ್ಮ ಮೈಮೇಲೆ ಎಲ್ಲೂ ಬಿರುಕಿಲ್ಲವೆಂದು ತಿಳಿಯಿತು. ಅಭಿಪ್ರಾಯ ತಿಳಿಸಲು ಹೊಸದಾಗಿ ಮೂರು ಮುಖಗಳನ್ನು ಅಂಟಿಸಿದ್ದಾರೆ, ಒಂದು ನಗುವುದು, ಒಂದು ಸುಮ್ಮನಿರುವುದು, ಒಂದು ಅಳುವುದು. ನಾನು ಅಳುವ ಮುಖವನ್ನು ಒತ್ತಿದೆ. ತಾವು ಇಂಪಾದ ದನಿಯಲ್ಲಿ "ನಿಮ್ಮ ಸಂತೋಷವೇ ನಮ್ಮ ಸಂತೋಷ" ಎಂದಿರಿ. ಮೂವತ್ತೊಂದು ವರ್ಷ ಸರ್ಕಾರಿ ಕೌಂಟರಿನಲ್ಲಿ ಕೂತಿದ್ದರೂ ಇಷ್ಟು ನಾಜೂಕಾಗಿ ಜನರನ್ನು ಸಾಗಹಾಕುವುದು ನನಗೆ ಬರಲಿಲ್ಲ. ಇಲಾಖೆ ತಮ್ಮಂಥವರನ್ನು ಕಳೆದುಕೊಂಡಿತು.